ಆಸ್ಪತ್ರೆ ಏರಿಗೆ ಹಾಕಿದ ಮಾಲು

ಆಸ್ಪತ್ರೆಗೆ ಏರಿ ಹೋಗುವ, ಊರವರು ಆಸ್ಪತ್ರೆ ಏರು ಎನ್ನುವ ಅರ್ಧ ಮೈಲಿ ರಸ್ತೆ ಯಾರದೆಂಬ ಜಗಳಕ್ಕೆ ಆಗ ಹನ್ನೊಂದು ವರ್ಷ ತುಂಬಿತ್ತು. ಪುರಸಭೆಯವರನ್ನು ಕೇಳಿದರೆ ಅದು ರಾಜ್ಯದ್ದು ಎನ್ನುತ್ತಿದ್ದರು. ರಾಜ್ಯದ ರಸ್ತೆ ಇಲಾಖೆಯವರನ್ನು ಕೇಳಿದರೆ ಪುರಸಭೆಯದು ಎನ್ನುತ್ತಿದ್ದರು. ಊರ ಹೊರಗೆ ಹೊಸ ಹೆದ್ದಾರಿ ಆಗುವವರೆಗೆ ಅದು ರಾಜ್ಯದ ರಸ್ತೆಯೇ ಆಗಿತ್ತು, ಅದರಲ್ಲಿ ಎರಡು ಮಾತಿರಲಿಲ್ಲ. ಹೆದ್ದಾರಿ ಆದ ಮೇಲೆ, ಹಳೆಯ ರಸ್ತೆಯನ್ನು ಪುರಸಭೆಗೆ ಒಪ್ಪಿಸಿದ್ದೇವೆ ಎಂದು ಇಲಾಖೆ ಹೇಳಿತು. ಒಪ್ಪಿಸಿದ ಕಾಗದ ತೋರಿಸಿ ಎಂದು ಪುರಸಭೆ ಕೇಳಿತು. ಕಾಗದ ಸಿಕ್ಕಲಿಲ್ಲ. ಸಿಕ್ಕುವ ತನಕ ದುರಸ್ತಿಗೆ ಬಿಡಿಗಾಸೂ ಬಿಚ್ಚುವುದಿಲ್ಲವೆಂದು ಇಬ್ಬರೂ ಕೈಕಟ್ಟಿ ಕೂತರು. ರಸ್ತೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ತನ್ನ ಪಾಡಿಗೆ ಕಿತ್ತುಹೋಗುತ್ತಿತ್ತು.

ಕೊನೆಗೆ ಸರ್ಕಾರ ಒಬ್ಬ ವಿಚಾರಣಾಧಿಕಾರಿಯನ್ನು ನೇಮಿಸಿತು. ನಿಯಮ ಸರಳವಾಗಿತ್ತು. ಕಾಗದ ಇಲ್ಲದ ಕಡೆ, ಮೂರು ವರ್ಷ ಬಿಡದೆ ಯಾರು ರಸ್ತೆಯನ್ನು ನೋಡಿಕೊಂಡಿದ್ದಾರೋ ರಸ್ತೆ ಅವರದು. ಯಾರೂ ನೋಡಿಕೊಂಡಿಲ್ಲವಾದರೆ ಮೊದಲು ಯಾರದಾಗಿತ್ತೋ ಅವರದು. ಮುಂದಿನ ಖರ್ಚೂ ಅವರದು.

ಇಲ್ಲಿ ಪುರಸಭೆ ತನ್ನ ಕಾಲ ಮೇಲೆ ತಾನೇ ಕಲ್ಲು ಎಳೆದುಕೊಂಡಿತು. ಅಧ್ಯಕ್ಷರು ಸಭೆಯಲ್ಲಿ ಮೇಜು ಕುಟ್ಟಿ, "ನಮ್ಮ ರಸ್ತೆ ಮೇಸ್ತ್ರಿ ಒಂದು ಸಲಿಕೆ ಡಾಂಬರು ಹಾಕಿದರೂ ಪುಸ್ತಕದಲ್ಲಿ ಬರೀತಾನೆ. ಅವನ ಹತ್ತು ವರ್ಷದ ಪುಸ್ತಕ ಎಲ್ಲಾ ಕಳಿಸಿ. ಆಸ್ಪತ್ರೆ ಏರಿನ ಹೆಸರು ಎಲ್ಲಾದರೂ ಇದ್ರೆ ಅವರೇ ತೋರಿಸಲಿ" ಎಂದರು. ಎಲ್ಲರಿಗೂ ಅದು ಸರಿಯೆನ್ನಿಸಿತು. ಉಗ್ರಾಣದವನು ಕಪಾಟಿನಿಂದ ನೀಲಿ ರಟ್ಟಿನ ಪುಸ್ತಕಗಳನ್ನು ಇಳಿಸಿ, ಧೂಳು ಹೊಡೆದು, ಗೋಣಿಚೀಲಕ್ಕೆ ತುಂಬಿ ಇಲಾಖೆಗೆ ಕಳಿಸಿದ. ಕಳಿಸುವ ಮುಂಚೆ ಒಬ್ಬರಾದರೂ ತೆರೆದು ನೋಡಲಿಲ್ಲ. ಮೇಸ್ತ್ರಿಯನ್ನು ಕೇಳಲೂ ಇಲ್ಲ. ಅವನು ಆ ದಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಚರಂಡಿ ಮುಚ್ಚಳ ಕೂರಿಸುತ್ತಿದ್ದ.

ರಾಜ್ಯದ ಇಲಾಖೆಯಲ್ಲಿ ಒಬ್ಬ ಗುಮಾಸ್ತ ಹತ್ತು ವರ್ಷದ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ. ಎಂಬತ್ಮೂರು ಕಡೆ ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆದ. ಎಲ್ಲ ಕಡೆಯೂ ಒಂದೇ ಮಾತು, ಒಂದೇ ದುಂಡು ಅಕ್ಷರ: 'ಮಿಕ್ಕ ಮಾಲು – ಆಸ್ಪತ್ರೆ ಏರಿಗೆ ಹಾಕಿದೆ.' ಮೊದಲನೆಯದರಿಂದ ಕೊನೆಯದಕ್ಕೆ ನಾಲ್ಕು ವರ್ಷ.

*

ಇಂಜಿನಿಯರಮ್ಮ ಮೇಸ್ತ್ರಿಯನ್ನು ಕರೆಸಿದಾಗ ಬೆಳಗ್ಗೆ ಹತ್ತು ಗಂಟೆ. ಆಕೆ ಪುರಸಭೆಗೆ ಬಂದು ಒಂದೂವರೆ ವರ್ಷವಾಗಿತ್ತು. ಅವರ ಕೋಣೆಯಲ್ಲಿ ಎರಡು ಕುರ್ಚಿ, ಗೋಡೆಯ ಮೇಲೆ ಊರಿನ ನಕ್ಷೆ, ಕಿಟಕಿಯ ಅಂಚಿನಲ್ಲಿ ರಸ್ತೆಯಿಂದ ಕೊರೆದು ತೆಗೆದ ಡಾಂಬರಿನ ಉರುಟು ತುಂಡುಗಳು ಸಾಲಾಗಿ ನಿಂತಿದ್ದವು. ಅಧ್ಯಕ್ಷರು ಒಂದು ಕುರ್ಚಿಯಲ್ಲಿ ಕೂತಿದ್ದರು. ಮೇಸ್ತ್ರಿ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದ. ಐವತ್ತೊಂಬತ್ತು ವರ್ಷದ, ಸಣಕಲು ದೇಹದ, ನಿಧಾನವಾಗಿ ನಡೆಯುವ ಮನುಷ್ಯ. ಮೊದಲು ಅವನದು ಬಿರುಸಿನ ನಡಿಗೆ. ಹೆಂಡತಿಗೆ ಕಾಯಿಲೆಯಾದ ಮೇಲೆ ಅವಳ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡವನು, ಅವಳು ತೀರಿಕೊಂಡು ಎರಡು ವರ್ಷ ಕಳೆದರೂ ಹಾಗೆಯೇ ನಡೆಯುತ್ತಿದ್ದ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು.

"ಕೂತ್ಕೊಳ್ಳಿ ಮೇಸ್ತ್ರಿ" ಎಂದರು ಇಂಜಿನಿಯರಮ್ಮ. ಅವನು ನಿಂತೇ ಇದ್ದ.

ಆಕೆ ಇಲಾಖೆಯಿಂದ ಬಂದ ಪ್ರತಿಗಳನ್ನು ಮೇಜಿನ ಮೇಲೆ ಹರಡಿದರು. "ಇದು ನಿಮ್ಮ ಅಕ್ಷರ ತಾನೇ?"

"ನಂದೇ ಮೇಡಂ."

"ಎಂಬತ್ಮೂರು ಸಲ," ಎಂದರು ಅಧ್ಯಕ್ಷರು. "ಅಲ್ಲಯ್ಯಾ, ನನ್ನ ಮನೆ ಮುಂದೆ ಒಂದು ಹಳ್ಳ ಮುಚ್ಚಿಸೋಕೆ ಮೂರು ವರ್ಷದಿಂದ ನಿನ್ನ ಹಿಂದೆ ಸುತ್ತಿದ್ದೀನಿ. ಆ ಏರಿಗೆ ಎಂಬತ್ಮೂರು ಸಲ ಹೋಗಿದ್ದೀಯಾ?"

"ನಿಮ್ಮ ಮನೆ ಮುಂದಿನ ಹಳ್ಳ ನೀರಿನ ಪೈಪಿನೋರದು ಸ್ವಾಮಿ. ಅವರು ಅಗೆದದ್ದು ಅವರೇ ಮುಚ್ಚಬೇಕು."

ಇಂಜಿನಿಯರಮ್ಮ ನಗು ನುಂಗಿಕೊಂಡರು. ಆಮೇಲೆ ವಿಷಯವನ್ನು ಬಿಡಿಸಿ ಹೇಳಿದರು. ಈ ಬರಹ ನಿಜವೆಂದಾದರೆ ರಸ್ತೆ ಪುರಸಭೆಯದಾಗುತ್ತದೆ. ಬುಡದಿಂದ ಅಗೆದು ಹೊಸದಾಗಿ ಹಾಕಬೇಕಾದ ರಸ್ತೆ. ಆ ಭಾರ ಬಿದ್ದರೆ ಈ ವರ್ಷವೂ ಬರುವ ವರ್ಷವೂ ಊರೊಳಗೆ ಒಂದು ಬೀದಿಯನ್ನೂ ಮುಟ್ಟುವ ಹಾಗಿಲ್ಲ. ಮುಂದಿನ ಮಂಗಳವಾರ ವಿಚಾರಣೆ. ಮೇಸ್ತ್ರಿ ಬಂದು ಸಾಕ್ಷಿ ಹೇಳಬೇಕು.

"ಏನು ಹೇಳಬೇಕು ಅಂತ ನಾನು ಹೇಳ್ತೀನಿ, ಕೇಳು," ಎಂದು ಅಧ್ಯಕ್ಷರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಮಿಕ್ಕ ಮಾಲು ಎಲ್ಲೋ ತಿಪ್ಪೆಗೆ ಸುರೀತಿದ್ದೆ. ಪುಸ್ತಕದಲ್ಲಿ ಒಂದು ರಸ್ತೆ ಹೆಸರು ಬರೀಲೇಬೇಕಲ್ಲ, ಅದಕ್ಕೆ ಬಾಯಿಗೆ ಬಂದ ಹೆಸರು ಬರೆದೆ. ಏರಿಗೆ ನಾನು ಕಾಲೇ ಇಟ್ಟಿಲ್ಲ. ಮುಗೀತು. ಈಗ ಹೋಗಿ ನೋಡಿದ್ರೆ ಅಲ್ಲಿ ಬರೀ ಗುಂಡಿ. ನೀನು ಹಾಕಿದ್ದು ಒಂದಾದರೂ ಉಳಿದಿದೆಯಾ? ಎರಡು ಮಳೆಗೆ ಎಲ್ಲ ಕೊಚ್ಚಿಕೊಂಡು ಹೋಗಿದೆ. ಯಾರು ಬಂದು ಸುಳ್ಳು ಅಂತಾರೆ?"

"ನಿಮ್ಮ ಮೇಲೆ ಏನೂ ಕ್ರಮ ಆಗದ ಹಾಗೆ ನಾವು ನೋಡ್ಕೋತೀವಿ," ಎಂದರು ಇಂಜಿನಿಯರಮ್ಮ, ಅವನ ಮುಖ ನೋಡದೆ. ಆ ಮಾತು ಅವರಿಗೇ ಹಿತವಾಗಿರಲಿಲ್ಲ.

ಮೇಸ್ತ್ರಿ ಪ್ರತಿಗಳನ್ನು ಒಂದೊಂದಾಗಿ ನೋಡಿದ. ಕೆಂಪು ಗೆರೆ ಬೇರೆ ಯಾರೋ ಎಳೆದದ್ದು. ಅದರ ಮೇಲಿನ ಸಾಲು ಅವನದು. ಪ್ರತಿ ಸಾಲಿನ ಹಿಂದೆಯೂ ಒಂದು ಸಂಜೆ ಇತ್ತು.

"ಯೋಚನೆ ಮಾಡಿ ಹೇಳ್ತೀನಿ ಸ್ವಾಮಿ" ಎಂದ.

"ಯೋಚನೆ ಮಾಡೋಕೆ ಏನಿದೆ? ಒಂದು ಮಾತು," ಎಂದರು ಅಧ್ಯಕ್ಷರು. "ಊರಿಗೆ ಊರೇ ನಿನ್ನ ಒಂದು ಮಾತಿನ ಮೇಲೆ ನಿಂತಿದೆ."

*

ಡಾಂಬರು ಕೆಲಸ ಗೊತ್ತಿಲ್ಲದವರಿಗೆ ಮಿಕ್ಕ ಮಾಲು ಎಂದರೇನೆಂದು ಒಂದು ಮಾತು ಹೇಳಬೇಕು. ಜಲ್ಲಿಯನ್ನೂ ಡಾಂಬರನ್ನೂ ಕಾಯಿಸಿ ಕಲಸಿದ ಮಾಲು ಬೆಳಗ್ಗೆ ಟಿಪ್ಪರಿನಲ್ಲಿ ಹೊಗೆಯಾಡುತ್ತ ಬರುತ್ತದೆ. ಅದನ್ನು ಬಿಸಿಯಾಗಿರುವಾಗಲೇ ಹಾಕಿ ಕುಟ್ಟಬೇಕು. ಎಷ್ಟು ಲೆಕ್ಕ ಹಾಕಿ ತರಿಸಿದರೂ ಸಂಜೆಗೆ ನಾಲ್ಕಾರು ಬಾಂಡ್ಲಿಯಷ್ಟು ಮಿಕ್ಕೇ ಮಿಗುತ್ತದೆ. ನಾಳೆಗೆ ಇಡುವ ಹಾಗಿಲ್ಲ. ಬೆಳಗಾಗುವುದರೊಳಗೆ ಬಂಡೆಯಾಗಿ, ಟಿಪ್ಪರಿನ ತಳ ಕಚ್ಚಿಕೊಂಡು, ಹಾರೆಗೂ ಬಗ್ಗುವುದಿಲ್ಲ. ಆದ್ದರಿಂದ ಎಲ್ಲ ಊರುಗಳಲ್ಲೂ ಮಿಕ್ಕದ್ದನ್ನು ಹತ್ತಿರದ ತಿಪ್ಪೆಯಲ್ಲೋ ಹಳ್ಳದಲ್ಲೋ ಸುರಿದು ಕೈ ತೊಳೆದುಕೊಳ್ಳುತ್ತಾರೆ. ಯಾರೂ ಬರೆದಿಡುವುದಿಲ್ಲ. ನಮ್ಮ ಮೇಸ್ತ್ರಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಮಾತ್ರ ಬೇರೆ ರೀತಿಯವನು. ಬಂದ ಮಾಲು ಎಲ್ಲಿ ಹೋಯಿತೆಂದು ಸಂಜೆಯೇ ಬರೆಯಬೇಕು, ಬರೆಯದೆ ಮಲಗಿದರೆ ಕದ್ದ ಹಾಗೆ ಎಂದು ಅವನು ಹೇಳಿಕೊಟ್ಟಿದ್ದ. ಶಿಷ್ಯ ಅದನ್ನು ದೇವರ ಮುಂದೆ ಹೇಳಿದ ಮಾತಿನ ಹಾಗೆ ಮೂವತ್ತನಾಲ್ಕು ವರ್ಷ ಪಾಲಿಸಿದ್ದ.

ಹೆಂಡತಿಗೆ ಮೂತ್ರಪಿಂಡ ಎರಡೂ ಕೆಟ್ಟವು. ವಾರಕ್ಕೆ ಎರಡು ದಿನ ಆ ಏರಿನ ಮೇಲಿನ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕು. ಹೋಗುವಾಗ ಹೇಗೋ ಆಗುತ್ತಿತ್ತು. ಬರುವಾಗ ಮೈಯಲ್ಲಿ ಜೀವ ಇರುತ್ತಿರಲಿಲ್ಲ. ಆಟೋ ಪ್ರತಿ ಗುಂಡಿಗೆ ಇಳಿದು ಏಳುವಾಗಲೂ ಸೂಜಿ ಚುಚ್ಚಿದ್ದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮುಂದಿನ ಕಂಬಿ ಹಿಡಿದು ಕೂರುತ್ತಿದ್ದಳು. ಅಯ್ಯೋ ಅಂದವಳಲ್ಲ. ಕಂಬಿ ಹಿಡಿದ ಬೆರಳಿನ ಗೆಣ್ಣುಗಳು ಬಿಳುಚಿಕೊಳ್ಳುವುದನ್ನು ಅವನು ನೋಡುತ್ತಿದ್ದ.

ಒಂದು ದಿನ ಅವಳೇ ಹೇಳಿದಳು, "ಊರ ಗುಂಡಿಯೆಲ್ಲಾ ಮುಚ್ಚೋರ ಹೆಂಡತಿ ನಾನು. ನನ್ನ ದಾರೀಲೇ ಇಷ್ಟು ಗುಂಡಿ."

"ಇದು ನಮ್ಮದಲ್ಲ ಕಣೇ. ರಾಜ್ಯದ್ದು."

"ಗುಂಡಿಗೆ ಅದು ಗೊತ್ತಾಗಲ್ಲ ನೋಡಿ. ಅದಕ್ಕೆ ನಾನ್ಯಾರು ಅಂತಲೂ ಗೊತ್ತಿಲ್ಲ, ನೀವ್ಯಾರು ಅಂತಲೂ ಗೊತ್ತಿಲ್ಲ" ಎಂದು ನಕ್ಕು, ಮತ್ತೆ ಕಂಬಿ ಹಿಡಿದುಕೊಂಡಳು.

ಮರುದಿನ ಸಂಜೆ ಮಿಕ್ಕ ಮಾಲನ್ನು ಮೇಸ್ತ್ರಿ ಏರಿಗೆ ತೆಗೆದುಕೊಂಡು ಹೋದ. ಟಿಪ್ಪರ್ ಓಡಿಸುತ್ತಿದ್ದವನು ಹೆಂಡತಿಯ ತಮ್ಮನೇ. ಅವನಿಗೆ ವಿವರಿಸಿ ಹೇಳುವ ಕಷ್ಟವಿರಲಿಲ್ಲ. ಭಾವ, ಭಾಮೈದ ಇಬ್ಬರೇ ಸೇರಿ ಗುಂಡಿ ಗುಡಿಸಿ, ಮಾಲು ತುಂಬಿ, ಕಬ್ಬಿಣದ ದಿಮ್ಮಸಿನಿಂದ ಕುಟ್ಟಿದರು. ಅವಳು ಹೋಗುವ ದಿನಗಳ ಹಿಂದಿನ ಸಂಜೆ ಮಾಲು ಮಿಕ್ಕಿದ್ದರೆ ಆ ಕೆಲಸ. ಪೂರ್ತಿ ರಸ್ತೆಗೆ ಸಾಲುವಷ್ಟು ಮಾಲು ಎಂದೂ ಇರುತ್ತಿರಲಿಲ್ಲ. ಆದ್ದರಿಂದ ಆಟೋದ ಚಕ್ರ ಹಾಯುವ ಎಡಗಡೆಯ ಪಟ್ಟಿಯನ್ನು ಮಾತ್ರ ಮುಚ್ಚುತ್ತಿದ್ದರು. ಒಂದು ಗುಂಡಿ ಮುಚ್ಚಿದರೆ ಮುಂದಿನ ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತಿತ್ತು. ಹೀಗೆ ನಾಲ್ಕು ವರ್ಷ. ಆಟೋದಲ್ಲಿ ಕಂಬಿ ಬಿಟ್ಟು ಕೂರುವ ಹಾಗಾದ ದಿನ ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

*

ಆ ವಾರ ಭಾಮೈದ ದಿನವೂ ಮನೆಗೆ ಬಂದ. ಊಟದ ಡಬ್ಬಿ ತರುವುದು ನೆಪ, ಮಾತು ಬೇರೆ.

"ಭಾವ, ಅಧ್ಯಕ್ಷರು ಹೇಳಿದ ಹಾಗೆ ಹೇಳಿಬಿಡಿ. ಎಂಟು ತಿಂಗಳು. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕಳೀತದೆ. ಆಮೇಲೆ ಪಿಂಚಣಿ ತಗೊಂಡು ಕಾಲು ಚಾಚಿ ಕೂತ್ಕೊಳ್ಳಿ."

"ಹಾಕಿಲ್ಲ ಅಂತ ಹೇಳಬೇಕಂತೆ ಕಣೋ."

"ಹೇಳಿ. ಹಾಕಿದ್ದು ಹಾಕಿಲ್ಲ ಅಂತ ಆಗಿಬಿಡ್ತದಾ? ಅಕ್ಕನಿಗೆ ಗೊತ್ತು, ನಿಮಗೆ ಗೊತ್ತು, ನನ್ನ ಬೆನ್ನಿಗೆ ಗೊತ್ತು. ಇವತ್ತಿಗೂ ಬಗ್ಗಿದರೆ ಹಿಡ್ಕೊಳ್ತದೆ."

"ಅವಳಿಗೆ ಗೊತ್ತು ಅಂತಾನೇ ನಾನೂ ಅಂದ್ಕೊಂಡೆ. ಆದರೆ ನಾನು ಬಾಯಿಬಿಟ್ಟು ಇಲ್ಲ ಅಂದ್ರೆ, ಅವಳ ಮುಂದೆ ನಿಂತು ಇಲ್ಲ ಅಂದ ಹಾಗೆ ಆಗ್ತದೆ."

ಭಾಮೈದ ಡಬ್ಬಿಯ ಮುಚ್ಚಳ ಬಿಗಿ ಮಾಡಿದ. ಆಮೇಲೆ ಹೇಳಿದ, "ಹಾಗಾದ್ರೆ ಇನ್ನೊಂದು ದಾರಿ ಇದೆ. ಇವತ್ತು ರಾಜ್ಯದ ಕಡೆಯ ಒಬ್ಬ ಸಾಹೇಬರು ಟಿಪ್ಪರ್ ಹತ್ತಿರ ಬಂದಿದ್ರು. ತಣ್ಣಗೆ ಮಾತಾಡಿಸಿದ್ರು. ನಿಮ್ಮ ಭಾವನಿಗೆ ಹೇಳಪ್ಪ, ಆಗಿನ ಇಂಜಿನಿಯರ್ ಬಾಯಿಮಾತಲ್ಲಿ ಹೇಳಿದ್ರು, ಅದಕ್ಕೆ ಹಾಕಿದೆ ಅಂದ್ರೆ ಸಾಕು, ಅವನಿಗೆ ಕೂದಲೂ ಕೊಂಕಲ್ಲ ಅಂದ್ರು. ಆಗಿನ ಇಂಜಿನಿಯರ್ ತೀರಿಕೊಂಡು ಆಯ್ತಲ್ಲ, ಎದ್ದು ಬಂದು ಇಲ್ಲ ಅನ್ನಲ್ಲ."

"ಸತ್ತವರ ತಲೆಗೆ ಕಟ್ಟೋದಾ?"

"ಬದುಕಿರೋರ ತಲೆಗೆ ಕಟ್ಟೋದು ಕಷ್ಟ ಭಾವ, ತಪ್ಪಿಸ್ಕೊಳ್ತಾರೆ."

ಮೇಸ್ತ್ರಿಗೆ ನಗು ಬಂತು. ಭಾಮೈದನಿಗೆ ಅಷ್ಟೇ ಬೇಕಾಗಿತ್ತು. ನಗುವಿನ ನಡುವೆಯೇ ಮೇಸ್ತ್ರಿ ಹೇಳಿದ, "ನಿನ್ನ ಹೆಸರು ಬರೋದು ಬೇಡ. ಟಿಪ್ಪರ್ ನಾನು ಹೇಳಿದ ಕಡೆ ಹೋಯ್ತು, ಅಷ್ಟೇ."

"ನಾನೇನು ಟಿಪ್ಪರಿನ ಚಕ್ರವಾ, ನೀವು ಹೇಳಿದ ಕಡೆ ಉರುಳೋಕೆ? ನಮ್ಮಕ್ಕನಿಗೋಸ್ಕರ ನಾನು ಹೋಗಿದ್ದು. ಅದನ್ನೂ ನೀವೇ ಕಿತ್ಕೋಬೇಡಿ."

"ನಿನ್ನ ಮಗಳಿಗೆ ಇನ್ನೂ ಓದು ಇದೆ ಕಣೋ. ಕೇಳಿದರೆ ಹೇಳು. ಕೇಳದೆ ಇದ್ರೆ ಬಾಯಿಗೆ ಬೀಗ ಹಾಕ್ಕೊಂಡಿರು."

ಅವನು ಹೋದ ಮೇಲೆ ಮೇಸ್ತ್ರಿ ಎಂದಿನಂತೆ ದೇವರ ಮುಂದೆ ಕೂತ. ಹೆಂಡತಿ ಇದ್ದಾಗ ಇಬ್ಬರೂ ಕೂರುತ್ತಿದ್ದರು. ಅವಳು ಬೇಡಿಕೊಳ್ಳುವುದನ್ನು ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದಳು, ಆದ್ದರಿಂದ ಅವನಿಗೆ ಬೇಡಿಕೊಳ್ಳುವ ಕೆಲಸವೇ ಇರುತ್ತಿರಲಿಲ್ಲ. ಈಗ ಅವನೇ ಮಾತು ಹುಡುಕಬೇಕಾಗಿತ್ತು. ಆ ಸಂಜೆ ಅವನು ಹುಡುಕಲಿಲ್ಲ. ಸುಮ್ಮನೆ ಕೂತ. ಕೂತಲ್ಲಿ ಒಂದು ವಿಷಯ ಮನಸ್ಸಿಗೆ ಬಂತು. ಬಂದದ್ದು ಹಿತವಾದ ವಿಷಯವಲ್ಲ. ಅವಳು ತೀರಿಕೊಂಡ ಮೇಲೆ ಅವನು ಒಂದು ಸಂಜೆಯೂ ಆ ಏರಿಗೆ ಹೋಗಿರಲಿಲ್ಲ. ಮಿಕ್ಕ ಮಾಲು ಮಿಗುತ್ತಲೇ ಇತ್ತು. ಎಲ್ಲರಂತೆ ತಿಪ್ಪೆಗೆ ಸುರಿಸಿ, 'ತಿಪ್ಪೆಗೆ' ಎಂದೇ ಬರೆಯುತ್ತಿದ್ದ. ಆ ದಾರಿಯಲ್ಲಿ ಬೇರೆಯವರ ಹೆಂಡಂದಿರು, ಬೇರೆಯವರ ತಾಯಂದಿರು ಇಂದಿಗೂ ಕಂಬಿ ಹಿಡಿದು ಹೋಗುತ್ತಿದ್ದರು. ಅದು ಗೊತ್ತಿದ್ದೂ ಅವನ ಕಾಲು ಆ ಕಡೆ ಏಳಲಿಲ್ಲ. ದೇವರ ಮುಂದೆ ಅದನ್ನು ಒಪ್ಪಿಕೊಂಡ. ಒಪ್ಪಿಕೊಂಡು ಎದ್ದು, ಡಬ್ಬಿ ತೆರೆದು ಊಟ ಮಾಡಿದ.

*

ಮಂಗಳವಾರ ವಿಚಾರಣೆ ನಡೆದದ್ದು ಒಂದು ಉದ್ದನೆಯ ಕೋಣೆಯಲ್ಲಿ. ನಡುವೆ ಮೇಜು, ಒಂದು ಬದಿಗೆ ಅಧ್ಯಕ್ಷರು, ಇಂಜಿನಿಯರಮ್ಮ, ಎದುರು ಬದಿಗೆ ಇಲಾಖೆಯ ಸಾಹೇಬರು, ಪಕ್ಕದಲ್ಲಿ ಕೆಂಪು ಗೆರೆ ಎಳೆದ ಗುಮಾಸ್ತ. ಮೂಲೆಯಲ್ಲಿ ಎ.ಸಿ.ಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಯಾರೋ ಒಂದು ಬಕೆಟ್ಟು ಇಟ್ಟಿದ್ದರು. ಮೇಜಿನ ತುದಿಯಲ್ಲಿ ವಿಚಾರಣಾಧಿಕಾರಿ, ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುವ ವಯಸ್ಸಾದ ಮನುಷ್ಯ. ಭಾಮೈದ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ತೆರೆದೇ ಇತ್ತು.

ಮೇಸ್ತ್ರಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ. ಉಳಿದವರಿಗೆ ಅದು ಒಂದು ಶಾಸ್ತ್ರ. ಅವನಿಗೆ ಅಲ್ಲಿಗೆ ದಾರಿ ಒಂದೇ ಉಳಿಯಿತು.

"ಈ ಎಂಬತ್ಮೂರು ಸಾಲು ನೀವು ಬರೆದದ್ದೇ?" ಎಂದು ಅಧಿಕಾರಿ ಕೇಳಿದರು.

"ಹೌದು ಸ್ವಾಮಿ."

"ಬರೆದ ಹಾಗೆ ಮಾಲು ಹಾಕಿದ್ದೀರಾ, ಅಥವಾ ಬರೀ ಬರೆದದ್ದೋ?"

ಅಧ್ಯಕ್ಷರು ಕೆಮ್ಮಿದರು. ಮೇಸ್ತ್ರಿ ಆ ಕಡೆ ತಿರುಗಲಿಲ್ಲ.

"ಹಾಕಿದ್ದೀನಿ ಸ್ವಾಮಿ. ಹಾಕದೆ ನಾನು ಒಂದು ಸಾಲೂ ಬರೆದಿಲ್ಲ."

ಇಲಾಖೆಯ ಸಾಹೇಬರು ಬೆನ್ನು ಒರಗಿಸಿ ಕೂತರು. ಅಧ್ಯಕ್ಷರು ಎರಡೂ ಕೈಯನ್ನು ಮೇಜಿನ ಕೆಳಗೆ ಇಳಿಸಿ ಹಿಸುಕಿಕೊಂಡರು. ಇಂಜಿನಿಯರಮ್ಮ ಮಾತ್ರ ತಲೆಯೆತ್ತಿ ಮೊದಲ ಸಲ ಮೇಸ್ತ್ರಿಯನ್ನು ನೆಟ್ಟಗೆ ನೋಡಿದರು.

"ಯಾರು ಹೇಳಿ ಹಾಕಿದಿರಿ?"

"ಯಾರೂ ಹೇಳಲಿಲ್ಲ."

"ಆಗಿನ ಇಂಜಿನಿಯರ್?" ಎಂದು ಸಾಹೇಬರು ಮುಂದೆ ಬಾಗಿದರು. "ಬಾಯಿಮಾತಿನಲ್ಲಿ? ನೆನಪು ಮಾಡ್ಕೊಳ್ಳಿ. ಇಷ್ಟು ಸಲ ಟಿಪ್ಪರ್ ಹೋಗಿದೆ, ಮೇಲಿನೋರಿಗೆ ಗೊತ್ತಿಲ್ಲದೆ ಹೋಗ್ತದಾ?"

"ಅವರಿಗೆ ಗೊತ್ತಿರಲಿಲ್ಲ. ನಾನು ಕೇಳಲಿಲ್ಲ. ಕೇಳಿದ್ರೆ ಬೇಡ ಅಂತಿದ್ರು, ಅದಕ್ಕೆ ಕೇಳಲಿಲ್ಲ. ಪುಸ್ತಕದಲ್ಲಿ ಬರೆದೆ. ಅವರು ಮೊದಲ ಪುಟಕ್ಕೆ ಮೊಹರು ಹಾಕ್ತಿದ್ರು, ಒಳಗೆ ನೋಡ್ತಿರಲಿಲ್ಲ."

ಅಧಿಕಾರಿ ಕನ್ನಡಕ ಇಳಿಸಿದರು. "ಅಪ್ಪಣೆ ಇಲ್ಲದೆ ಪುರಸಭೆಯ ಮಾಲನ್ನು ಪುರಸಭೆಯದಲ್ಲದ ರಸ್ತೆಗೆ ಹಾಕಿದೆ ಅಂತ ನೀವೇ ಹೇಳ್ತಿದ್ದೀರಿ. ಅದರ ಅರ್ಥ ನಿಮಗೆ ಗೊತ್ತಿದೆಯೇ?"

"ಗೊತ್ತು ಸ್ವಾಮಿ."

ಸಾಹೇಬರು ಬಿಡುವವರಲ್ಲ. ಅವರ ದನಿ ಇನ್ನೂ ಮೆತ್ತಗಾಯಿತು. "ಇರಲಿ. ಅಪ್ಪಣೆ ಇಲ್ಲದಿದ್ರೂ ನೀವು ಪುರಸಭೆಯ ನೌಕರರು. ರೋಗಿಗಳು ಓಡಾಡುವ ದಾರಿ, ಜನರಿಗೆ ತೊಂದರೆ ಆಗಬಾರದು ಅಂತ ಮಾಡಿದ್ದೀರಿ. ಊರಿನ ನೌಕರ ಊರಿನ ಜನರ ಹಿತಕ್ಕೆ ಮಾಡಿದ ಕೆಲಸ ಊರಿನ ಕೆಲಸವೇ ಅಲ್ಲವೇ? ಒಳ್ಳೆಯ ಕೆಲಸ. ಯಾರೂ ತಪ್ಪು ಅನ್ನೋದಿಲ್ಲ. ಹೌದು ಅನ್ನಿ, ಸಾಕು."

ಮೇಸ್ತ್ರಿಗೆ ಆ ಮಾತು ಉಳಿದೆಲ್ಲ ಮಾತಿಗಿಂತ ಕಷ್ಟವಾಯಿತು. ಹಾಕಿಲ್ಲ ಎನ್ನುವುದು ಶುದ್ಧ ಸುಳ್ಳು, ತಳ್ಳಿಬಿಡಬಹುದು. ಇದು ಹಾಗಲ್ಲ. ಒಪ್ಪಿಕೊಂಡರೆ ಶಿಕ್ಷೆಯೂ ತಪ್ಪುತ್ತದೆ, ಒಳ್ಳೆಯವನೆಂಬ ಹೆಸರೂ ಬರುತ್ತದೆ.

"ಇಲ್ಲ ಸ್ವಾಮಿ," ಎಂದ. "ಜನರಿಗಾಗಿ ಮಾಡಲಿಲ್ಲ."

"ಮತ್ತೆ?"

"ನನ್ನ ಹೆಂಡತಿಗೆ ಕಾಯಿಲೆ ಇತ್ತು. ವಾರಕ್ಕೆರಡು ದಿನ ಆ ದಾರೀಲಿ ಹೋಗಿ ಬರ್ತಿದ್ಲು. ಗುಂಡಿ ಬಂದಾಗ ಅವಳಿಗೆ ನೋವಾಗ್ತಿತ್ತು. ಅದಕ್ಕೆ ಹಾಕಿದೆ. ಅವಳ ಆಟೋ ಹೋಗೋ ಎಡಗಡೆ ಮಾತ್ರ ಹಾಕಿದ್ದೀನಿ. ಬಲಗಡೆ ಒಂದು ಗುಂಡಿಯನ್ನೂ ಮುಟ್ಟಿಲ್ಲ."

"ಮೇಲೆ ಹೋಗೋರಿಗೆ ಎಡಗಡೆ. ಇಳಿದು ಬರುವಾಗ?" ಎಂದು ಗುಮಾಸ್ತ ತಡೆಯಲಾರದೆ ಕೇಳಿದ. ಅಷ್ಟೂ ಓದಿದವನಿಗೆ ಆ ಸಂದೇಹ ಸಹಜವಾಗಿತ್ತು.

"ಆ ಆಟೋದವನು ಅವಳು ಕೂತಿದ್ರೆ ಇಳಿಯುವಾಗಲೂ ಅದೇ ಕಡೆ ಇಳೀತಿದ್ದ. ಎದುರಿಂದ ಗಾಡಿ ಬಂದ್ರೆ ನಿಲ್ಲಿಸ್ತಿದ್ದ. ಬೈಸ್ಕೊಳ್ತಿದ್ದ."

ಅಧಿಕಾರಿ ಕಾಗದವನ್ನು ಮತ್ತೆ ಹತ್ತಿರ ಹಿಡಿದರು. "ಕೊನೆಯ ಸಾಲು ಎರಡು ವರ್ಷದ ಹಿಂದಿನದು. ಆಮೇಲೆ ಒಂದೂ ಇಲ್ಲ. ಯಾಕೆ ನಿಲ್ಲಿಸಿದಿರಿ?"

"ಅವಳು ಹೋಗಿಬಿಟ್ಟಳು ಸ್ವಾಮಿ." ಅಷ್ಟಕ್ಕೆ ನಿಲ್ಲಿಸದೆ ಮುಂದುವರಿಸಿದ. "ಜನರಿಗಾಗಿ ಮಾಡಿದ್ದರೆ ನಿಲ್ಲಿಸ್ತಿರಲಿಲ್ಲ. ಜನ ಈಗಲೂ ಹೋಗ್ತಾರೆ. ಅದು ಗೊತ್ತಿದ್ದೂ ನಾನು ಹೋಗಲಿಲ್ಲ. ಅದೊಂದು ತಪ್ಪು ಅಂತ ನನಗೆ ಈಚೆಗೆ ಗೊತ್ತಾಯ್ತು. ಆದ್ರೆ ಮಾಡದೇ ಇದ್ದದ್ದನ್ನ ಮಾಡಿದೆ ಅನ್ನೋಕೆ ಆಗಲ್ಲ."

ಸಾಹೇಬರು ತಮ್ಮ ಕಾಗದಗಳನ್ನು ಕೂಡಿಸಿಟ್ಟರು. ಗುಮಾಸ್ತ ಪೆನ್ಸಿಲ್ ಕೆಳಗಿಟ್ಟ. ಬಾಗಿಲ ಹೊರಗಿಂದ ಭಾಮೈದನ ದನಿ ಕೇಳಿಸಿತು: "ಟಿಪ್ಪರ್ ಓಡಿಸಿದ್ದು ನಾನೇ, ಅದನ್ನೂ ಬರ್ಕೊಳ್ಳಿ."

"ಅದು ಯಾರು?" ಎಂದರು ಅಧಿಕಾರಿ.

"ನನ್ನ ಭಾಮೈದ. ನೀವು ಕೇಳಿದ್ರೆ ಮಾತ್ರ ಹೇಳು ಅಂದಿದ್ದೆ."

"ಕೇಳಿಲ್ಲ ಅಂತ ಹೇಳಿ" ಎಂದು ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಬರೆಯತೊಡಗಿದರು.

*

ತೀರ್ಪು ಬರಲು ಇಪ್ಪತ್ತು ದಿನ ಹಿಡಿಯಿತು. ಒಬ್ಬ ನೌಕರ ಅಪ್ಪಣೆಯಿಲ್ಲದೆ, ತನ್ನ ಮನೆಯವರ ಸಲುವಾಗಿ, ರಸ್ತೆಯ ಒಂದು ಮಗ್ಗುಲಿಗೆ ಮಾತ್ರ ಮಾಡಿದ ಕೆಲಸವನ್ನು ಪುರಸಭೆಯ ನಿರ್ವಹಣೆ ಎಂದು ತಿಳಿಯಲಾಗದು. ಆದ್ದರಿಂದ ರಸ್ತೆ ರಾಜ್ಯದ್ದು, ಮಳೆಗಾಲಕ್ಕೆ ಮುಂಚೆ ಇಲಾಖೆ ಅದನ್ನು ಪೂರ್ತಿ ಹೊಸದು ಮಾಡತಕ್ಕದ್ದು. ಕೆಳಗೆ ಇನ್ನೊಂದು ಸಾಲಿತ್ತು: ಸದರಿ ನೌಕರನ ಮೇಲೆ ಪುರಸಭೆ ನಿಯಮದಂತೆ ಕ್ರಮ ಕೈಗೊಳ್ಳತಕ್ಕದ್ದು.

ಅಧ್ಯಕ್ಷರು ಸಭೆಯಲ್ಲಿ, ನಾನು ಮೊದಲೇ ಹೇಳಿರಲಿಲ್ಲವೇ, ನಮ್ಮ ಮೇಸ್ತ್ರಿಯ ಪುಸ್ತಕವೇ ನಮ್ಮನ್ನು ಕಾಯುತ್ತದೆ ಎಂದು ಮೇಜು ಕುಟ್ಟಿದರು.

ಇಂಜಿನಿಯರಮ್ಮ ಮೇಸ್ತ್ರಿಯನ್ನು ಮತ್ತೆ ಕರೆಸಿದರು. ಈ ಸಲ ಅವನು ಕುರ್ಚಿಯಲ್ಲಿ ಕೂತ, ಆಕೆ ನಿಂತಿದ್ದರು.

"ಒಂದು ವಾರ್ಷಿಕ ವೇತನ ಬಡ್ತಿ ತಡೆ ಹಿಡಿದಿದ್ದೀವಿ. ಇದಕ್ಕಿಂತ ಕಡಿಮೆ ಮಾಡೋಕೆ ನನ್ನಿಂದ ಆಗಲಿಲ್ಲ. ಪಿಂಚಣಿ ಸ್ವಲ್ಪ ಇಳೀತದೆ." ಕಾಗದವನ್ನು ಅವನ ಮುಂದೆ ಇಟ್ಟರು. "ನಿಮ್ಮ ಸೇವಾ ಪುಸ್ತಕದಲ್ಲೂ ಈ ಕಾಗದ ಸೇರಬೇಕು. ಓದಿ ಸಹಿ ಮಾಡಿ."

ಮೇಸ್ತ್ರಿ ಕಿಸೆಯಿಂದ ಕನ್ನಡಕ ತೆಗೆದು ನಿಧಾನವಾಗಿ ಓದಿದ. 'ನಾಲ್ಕು ವರ್ಷಗಳ ಅವಧಿಯಲ್ಲಿ, ಮೇಲಧಿಕಾರಿಗಳ ಅಪ್ಪಣೆಯಿಲ್ಲದೆ, ವೈಯಕ್ತಿಕ ಕಾರಣಗಳಿಗಾಗಿ, ಪುರಸಭೆಯ ಮಾಲನ್ನು ಬೇರೆ ರಸ್ತೆಗೆ ಬಳಸಿದ್ದು.' ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸರಿಮಾಡಿದ.

"ಏನು ಮೇಸ್ತ್ರಿ? ತಪ್ಪಿದೆಯಾ?"

"ಶಿಕ್ಷೆ ಸರಿಯಾಗಿದೆ ಮೇಡಂ. ಅದು ಆಗಬೇಕಾದ್ದೇ. ಈ ವೈಯಕ್ತಿಕ ಕಾರಣ ಅನ್ನೋದು ಒಂದು..."

"ನಿಮ್ಮ ಮನೆ ವಿಷಯ ಕಾಗದಕ್ಕೆ ಯಾಕೆ ಅಂತ ನಾನೇ ಹಾಗೆ ಬರೆದೆ. ಸೇವಾ ಪುಸ್ತಕ ಯಾರು ಯಾರೋ ತೆಗೆದು ನೋಡ್ತಾರೆ."

"ನೋಡಲಿ ಮೇಡಂ. ವೈಯಕ್ತಿಕ ಅಂದ್ರೆ ಮನೆ ಮುಂದೆ ಜಗಲಿ ಕಟ್ಟಿಸ್ಕೊಂಡ ಅಂತ ತಿಳ್ಕೊಳ್ತಾರೆ. ಮಾಲು ಮಾರ್ಕೊಂಡ ಅಂತಲೂ ತಿಳ್ಕೋಬಹುದು. ಎಲ್ಲಿ ಹೋಯ್ತು ಅಂತ ಬರೆದ ಮೇಲೆ ಯಾರಿಗೆ ಹೋಯ್ತು ಅಂತಲೂ ಬರೆದುಬಿಟ್ರೆ ಒಳ್ಳೇದು."

ಇಂಜಿನಿಯರಮ್ಮ ಕಾಗದವನ್ನು ತೆಗೆದುಕೊಂಡು, ಕಂಪ್ಯೂಟರಿನ ಮುಂದೆ ಕೂತು, ಆ ಎರಡು ಪದಗಳನ್ನು ಅಳಿಸಿದರು. "ಏನಂತ ಹಾಕಲಿ?"

"ಕಾಯಿಲೆಯಲ್ಲಿದ್ದ ಹೆಂಡತಿಗಾಗಿ ಅಂತ ಹಾಕಿ. ಅಷ್ಟೇ ಸಾಕು. ಅವಳ ನೋವು ಗೀವು ಅಂತೆಲ್ಲ ಬೇಡ. ಅವಳಿಗೆ ಅದು ಇಷ್ಟ ಆಗಲ್ಲ."

ಆಕೆ ಹಾಗೆಯೇ ಹಾಕಿದರು. ಹೊಸ ಪ್ರತಿ ಹೊರಬರುವವರೆಗೆ ಮೇಸ್ತ್ರಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದ. ಬಂದ ಮೇಲೆ ಇನ್ನೊಂದು ಸಲ ಮೊದಲಿನಿಂದ ಕೊನೆಯವರೆಗೆ ಓದಿದ. ಎಲ್ಲವೂ ನಡೆದಂತೆಯೇ ಇತ್ತು. ಇಂಜಿನಿಯರಮ್ಮನ ಹತ್ತಿರ ಪೆನ್ನು ಕೇಳಿ ತೆಗೆದುಕೊಂಡು, ದುಂಡು ಅಕ್ಷರದಲ್ಲಿ ಸಹಿ ಮಾಡಿ, ಶಾಯಿ ಆರಲೆಂದು ಒಂದು ಗಳಿಗೆ ಊದಿ, ಕಾಗದವನ್ನು ಎರಡೂ ಕೈಯಿಂದ ಹಿಂತಿರುಗಿಸಿದ.